ಮೂರು ದಿನದ ಪಾಸ್ ಕೊಂಡರೆ ಸ್ಟಾಕ್‌ಹೋಮ್‌ನಲ್ಲಿ ಎಷ್ಟು ಮ್ಯೂಸಿಯಂ ಮುಗಿಸಬಹುದು?

ನಿಮ್ಮ ಲೆಕ್ಕ ಹೀಗಿದೆ: ಅಕ್ಟೋಬರ್ ತಿಂಗಳು, ಶನಿವಾರ ಮಧ್ಯಾಹ್ನ ಇಳಿಯೋದು, ಸೋಮವಾರ ಸಂಜೆ ವಾಪಸ್, ಜೊತೆಗೆ ಇಬ್ಬರು ಮಕ್ಕಳು. ನಾನು ಮೊದಲ ಸಲ ಹೋಗಿದ್ದೂ ಹೀಗೇ. ಪಾಸ್ ಕೊಳ್ಳಬೇಡಿ.

ನಾನು ಎಡವಿದ್ದು ಎಲ್ಲಿ ಅಂತ ಬಿಡಿಸಿ ಹೇಳ್ತೀನಿ. ಮೂರು ದಿನ ಅಂದರೆ 72 ಗಂಟೆ ಅಂದುಕೊಂಡಿದ್ದೆ. ನನ್ನ ಪಾಸ್ ಎಣಿಸುತ್ತಿದ್ದದ್ದು ಗಂಟೆಯನ್ನಲ್ಲ, ತಾರೀಖನ್ನು. ಮೊದಲ ಬಾಗಿಲಲ್ಲಿ ಸ್ಕ್ಯಾನ್ ಆದ ತಾರೀಖೇ ಒಂದನೇ ದಿನ, ಅದು ಬೆಳಗ್ಗೆ ಹತ್ತಾಗಿರಲಿ, ಮಧ್ಯಾಹ್ನ ಮೂರೂವರೆಯಾಗಿರಲಿ. ನಾನು ಸ್ಕ್ಯಾನ್ ಮಾಡಿಸಿದ್ದು ಶನಿವಾರ ಮೂರೂವರೆಗೆ. ಬೇಸಿಗೆ ಕಳೆದ ಮೇಲೆ ಅಲ್ಲಿ ಬಹುಪಾಲು ಮ್ಯೂಸಿಯಂ ಐದಕ್ಕೆ ಬಾಗಿಲು ಹಾಕುತ್ತವೆ. ಒಂದು ಇಡೀ ದಿನದ ದುಡ್ಡಿಗೆ ಒಂದೂವರೆ ಗಂಟೆ ಸಿಕ್ಕಿತು. ಸೋಮವಾರ ನ್ಯಾಷನಲ್‌ಮ್ಯೂಸಿಯಂಗೂ ಮೊಡೆರ್ನಾ ಮ್ಯೂಸಿಯಂಗೂ ರಜೆ. ಉಳಿದದ್ದು ಭಾನುವಾರ ಒಂದೇ. ಕೊಟ್ಟ ದುಡ್ಡು ಹುಟ್ಟಿಸಬೇಕೆಂದು ಆ ದಿನ ನಾಲ್ಕು ಕಡೆ ಓಡಿದೆ, ಮ್ಯೂಸಿಯಂನಲ್ಲಿಟ್ಟ ಹಳೆಯ ಯುದ್ಧನೌಕೆ ವಾಸಾದ ಮುಂದೆ ನಿಂತದ್ದು ಬರೀ 50 ನಿಮಿಷ. ದುಡ್ಡಿಗಿಂತ ಅದೇ ನನ್ನನ್ನು ಹೆಚ್ಚು ಕಾಡಿದ್ದು. ಇನ್ನು ನಿಮ್ಮ ಮಕ್ಕಳ ಲೆಕ್ಕ: ವಾಸಾದಲ್ಲಿ 18ರೊಳಗಿನವರಿಗೆ ಟಿಕೆಟ್ಟೇ ಇಲ್ಲ. ಮಕ್ಕಳ ಪಾಸ್‌ನಲ್ಲಿ ಆ ದುಡ್ಡನ್ನೂ ಸುಮ್ಮನೆ ಕಟ್ಟಿದಂತಾಗುತ್ತದೆ.

‘ಮುಗಿಸೋದು’ ಅನ್ನೋ ಲೆಕ್ಕವನ್ನೇ ಬಿಡಿ. ದಿನಕ್ಕೊಂದು ದೊಡ್ಡದು, ಹೊತ್ತಿದ್ದರೆ ಇನ್ನೊಂದು ಚಿಕ್ಕದು, ಅಷ್ಟು ಸಾಕು.

ವಾಸಾವನ್ನು ಸೋಮವಾರಕ್ಕೆ ಇಟ್ಟುಕೊಳ್ಳಿ, ಅದಕ್ಕೆ ಸೋಮವಾರದ ರಜೆಯಿಲ್ಲ. ಹತ್ತಕ್ಕೆ ಬಾಗಿಲಲ್ಲಿರಿ, ಎರಡೂವರೆ ಗಂಟೆ ಕೊಡಿ. 1628ರ ಆಗಸ್ಟ್ 10ರಂದು ಮೊದಲ ಯಾನಕ್ಕೆ ಹೊರಟು ಸುಮಾರು 1,300 ಮೀಟರ್ ಸಾಗುವಷ್ಟರಲ್ಲೇ ಮುಳುಗಿದ ಯುದ್ಧನೌಕೆ ಇದು. 333 ವರ್ಷ ತಳದಲ್ಲಿದ್ದು 1961ರ ಏಪ್ರಿಲ್ 24ರಂದು ಮೇಲೆ ಬಂತು. ಬಾಲ್ಟಿಕ್ ನೀರಿನಲ್ಲಿ ಉಪ್ಪು ಕಡಿಮೆ, ಹಡಗಿನ ಮರ ಕೊರೆಯುವ ಹುಳು ಅಲ್ಲಿ ಬದುಕುವುದಿಲ್ಲ. ಹಾಗಾಗಿ ನೀವು ನೋಡುವುದರಲ್ಲಿ ಶೇ 98ರಷ್ಟು ಮೂಲದ್ದೇ. ಆದರೆ ನೀರು ಕುಡಿದ ಮರ ಹಾಗೇ ಒಣಗಿದರೆ ಕುಗ್ಗಿ ಸೀಳುತ್ತದೆ. ಅದಕ್ಕೆಂದೇ 17 ವರ್ಷ, ಮರದೊಳಗೆ ನೀರಿನ ಜಾಗ ತುಂಬುವ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಮೇಣದಂಥ ರಾಸಾಯನಿಕದ ದ್ರಾವಣ ಸಿಂಪಡಿಸುತ್ತಲೇ ಇದ್ದರು.

ಮೊದಲು ಒಳಗಿನ ಕಿರುಚಿತ್ರ ನೋಡಿ, ಆಮೇಲೆ ಹತ್ತನೇ ಒಂದರ ಅಳತೆಯ ಬಣ್ಣದ ಮಾದರಿ. ಹಡಗು ಈಗ ಕಪ್ಪಗಿದೆ. ಬಣ್ಣ ಬಳಿದಾಗ ಹೇಗಿತ್ತು ಅಂತ ತಿಳಿಯದೆ ಹೋದರೆ ಹಿಂಬದಿಯ ಕೆತ್ತನೆ ಅರ್ಧವೂ ದಕ್ಕುವುದಿಲ್ಲ. ನಂತರ ಪಕ್ಕದಲ್ಲಿ ನಿಂತು ಕೆಳಸಾಲಿನ ಫಿರಂಗಿ ಕಿಂಡಿಗಳನ್ನು ಮಕ್ಕಳಿಗೆ ತೋರಿಸಿ. ಎರಡು ಅಂತಸ್ತು ತುಂಬ ಭಾರದ ಫಿರಂಗಿ, ತಳದಲ್ಲಿ ಅದಕ್ಕೆ ತಕ್ಕ ತೂಕವಿಲ್ಲ. ಗಾಳಿ ಬೀಸಿ ಹಡಗು ವಾಲಿತು, ತೆರೆದಿದ್ದ ಆ ಕಿಂಡಿಗಳಿಂದ ನೀರು ನುಗ್ಗಿತು. ಹೊರಡುವ ಮೊದಲೇ 30 ಜನರನ್ನು ಡೆಕ್ಕಿನ ಮೇಲೆ ಆ ಕಡೆ ಈ ಕಡೆ ಓಡಿಸಿ ನೋಡಿದ್ದರು, ಹೊಯ್ದಾಟ ಅತಿಯಾಯಿತೆಂದು ಅಷ್ಟಕ್ಕೇ ನಿಲ್ಲಿಸಿದರು. ಇದನ್ನು ಕೇಳಿದ ಮೇಲೆ ಮೇಲಂತಸ್ತಿಗೆ ಹತ್ತಿ ಕೆಳಗೆ ನೋಡಿ. ಕೊನೆಗೆ ತೀರಾ ಕೆಳಗೆ ಇಳಿದರೆ ಹಡಗಿನೊಂದಿಗೆ ಸತ್ತವರ ಅಸ್ಥಿಪಂಜರಗಳಿವೆ. ಮಕ್ಕಳಿಗೆ ಮೊದಲೇ ಹೇಳಿಟ್ಟಿರಿ. ಮರಕ್ಕೆ ಬೇಕೆಂದು ಒಳಗೆ 18-20 ಡಿಗ್ರಿಯಷ್ಟೇ ಇರುತ್ತದೆ, ಬೆಳಕೂ ಕಮ್ಮಿ. ಸ್ವೆಟರ್ ಬಿಚ್ಚಿಡಬೇಡಿ.

ಅಲ್ಲಿಗೆ ಹೋಗಲು ಸ್ಲುಸೆನ್‌ನಿಂದ 82ನೇ ನಂಬರಿನ ಫೆರಿ, ಇಲ್ಲವೇ ಊರ ಮಧ್ಯದಿಂದ 7ನೇ ಟ್ರಾಮ್. ಎರಡಕ್ಕೂ ನಗರ ಸಾರಿಗೆಯ ಒಂದೇ ಟಿಕೆಟ್, 75 ನಿಮಿಷ ನಡೆಯುತ್ತದೆ. ನೋಟು ಹಿಡಿದು ಹೋದರೆ ಸಾರಿಗೆಯಲ್ಲೂ ಮ್ಯೂಸಿಯಂಗಳಲ್ಲೂ ಸಿಕ್ಕಿಬೀಳುತ್ತೀರಿ, ಎಲ್ಲ ಕಾರ್ಡಿನಲ್ಲೇ. ಭಾರತದ ಕಾರ್ಡಾದರೆ ಹೊರಡುವ ಮುಂಚೆ ಬ್ಯಾಂಕ್ ಆ್ಯಪ್‌ನಲ್ಲಿ ವಿದೇಶಿ ಬಳಕೆಯನ್ನೂ ಕಾಂಟ್ಯಾಕ್ಟ್‌ಲೆಸ್ ಅನ್ನೂ ಆನ್ ಮಾಡಿ. ಒಂದನ್ನು ಆನ್ ಮಾಡಿ ಇನ್ನೊಂದನ್ನು ಮರೆತರೆ ಗೇಟಿನಲ್ಲಿ ಕಾರ್ಡ್ ಕೆಲಸ ಮಾಡುವುದಿಲ್ಲ.

ಶನಿವಾರ ಟಿಕೆಟ್ಟಿನ ಗೋಜೇ ಬೇಡ, ಹಳೇ ಪಟ್ಟಣ ಗಾಮ್ಲಾ ಸ್ತಾನ್‌ನ ಗಲ್ಲಿಗಳಲ್ಲಿ ನಡೆದಾಡಿ. ಭಾನುವಾರ ಹತ್ತಕ್ಕೇ ಸ್ಕಾನ್ಸೆನ್, 1891ರಲ್ಲಿ ತೆರೆದ ಬಯಲು ಮ್ಯೂಸಿಯಂ. ಸ್ವೀಡನ್ನಿನ ಊರೂರಿನಿಂದ ಹಳೆಯ ಮನೆಗಳನ್ನು ಬಿಚ್ಚಿ ತಂದು ಇಲ್ಲಿ ಕಟ್ಟಿದ್ದಾರೆ. ಗುಡ್ಡದ ಜಾಗ, ಒಳ್ಳೆಯ ಶೂ ಇರಲಿ.

ಅಲ್ಲಿಂದ ಬೇಗ ಹೊರಬಿದ್ದರೆ ಇತಿಹಾಸದ ಮ್ಯೂಸಿಯಂ ಆದ ಹಿಸ್ಟೋರಿಸ್ಕಾಗೆ ಹೋಗಿ, ಹೆಲ್ಗೋ ಬುದ್ಧ ಎಲ್ಲಿದ್ದಾನೆ ಅಂತ ಸಿಬ್ಬಂದಿಯನ್ನು ಕೇಳಿ. ಆರನೇ ಶತಮಾನದಲ್ಲಿ ನಮ್ಮ ಉಪಖಂಡದ ವಾಯವ್ಯ ಮೂಲೆಯಲ್ಲಿ ಎರಕ ಹೊಯ್ದ ಕಂಚಿನ ಮೂರ್ತಿ, 1956ರಲ್ಲಿ ಮೆಲಾರೆನ್ ಸರೋವರದ ದ್ವೀಪವೊಂದನ್ನು ಅಗೆಯುವಾಗ ಸಿಕ್ಕಿದ್ದು. ಹತ್ತು ಸೆಂಟಿಮೀಟರೂ ಇಲ್ಲ, ಅವಸರದಲ್ಲಿ ಹೋದರೆ ಕಣ್ಣಿಗೇ ಬೀಳುವುದಿಲ್ಲ.