ಅಪ್ಪನಿಗೆ ಶುಗರ್ ಇದೆ, ನಿನ್ನೆಯಿಂದ ವಾಂತಿ. ಆಕ್ಸಿಮೀಟರ್ 98 ತೋರಿಸುತ್ತಿದೆ, ಆದರೂ ಅವರ ಉಸಿರು ಜೋರಾಗಿದೆ. ಎಷ್ಟಕ್ಕೆ ಇಳಿದರೆ ಆಸ್ಪತ್ರೆಗೆ ಹೋಗಬೇಕು?

ಇಳಿಯಲಿ ಅಂತ ಕಾಯಬೇಡಿ. ಶುಗರ್ ಇದೆ, ನಿನ್ನೆಯಿಂದ ವಾಂತಿ ಅಂತ ನೀವೇ ಬರೆದಿದ್ದೀರಿ. ಈಗಲೇ ಹೊರಡಿ.

ನಾನೂ ಇದೇ 98 ನೋಡಿಕೊಂಡು ಒಂದು ರಾತ್ರಿಯಿಡೀ ಕೂತಿದ್ದೆ. ನನ್ನ ತಮ್ಮನಿಗೆ ಚಿಕ್ಕಂದಿನಿಂದ ಟೈಪ್ 1 ಶುಗರ್. ಅವತ್ತು ವಾಂತಿ, ಸುಸ್ತು. ರಾತ್ರಿ ಹತ್ತರ ಹೊತ್ತಿಗೆ ಉಸಿರಾಟ ಬದಲಾಯಿತು. ಗೊರಗೊರ ಸದ್ದಿಲ್ಲ, ಕೆಮ್ಮಿಲ್ಲ. ಓಡಿ ಬಂದವನ ಹಾಗೆ ಆಳವಾಗಿ, ಒಂದೇ ಸಮನೆ ಉಸಿರಾಡುತ್ತಿದ್ದ. ಮಲಗಿದ್ದವನು! ಹೊದ್ದ ಚಾದರ ಏರಿ ಇಳಿಯುವುದು ಬಾಗಿಲಿನಿಂದಲೇ ಕಾಣುತ್ತಿತ್ತು.

ಆಕ್ಸಿಮೀಟರ್ ಸಿಕ್ಕಿಸಿದೆ. 98. "ಆಕ್ಸಿಜನ್ ಸರಿಯಾಗಿದೆ ಕಣೋ, ಸುಮ್ನೆ ಮಲಗು" ಅಂದೆ. "ಉಸಿರು ಸಾಲ್ತಿಲ್ಲ ಅಣ್ಣ" ಅಂದ. ಇನ್ನೊಂದು ಬೆರಳಿಗೆ ಹಾಕಿದೆ. 99. ಅವನ ಮಾತು ಬಿಟ್ಟು ಯಂತ್ರವನ್ನು ನಂಬಿದೆ.

ನಾನು ಎಡವಿದ್ದು ಇಲ್ಲೇ. ಆ ಯಂತ್ರ ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ಹೇಳುತ್ತದೆ, ಅಷ್ಟೇ. ಆಮ್ಲ ಎಷ್ಟಿದೆ ಅಂತ ಅದಕ್ಕೇನು ಗೊತ್ತು? ತಮ್ಮನ ಶ್ವಾಸಕೋಶ ಚೆನ್ನಾಗಿಯೇ ಇತ್ತು. ಇನ್ಸುಲಿನ್ ಸಾಲದೆ ಮೈ ಕೊಬ್ಬನ್ನು ಸುಡುತ್ತಿತ್ತು. ಅದರಿಂದ ಬಂದ ಕೀಟೋನ್ ಎಂಬ ಆಮ್ಲ ಸೇರಿ ರಕ್ತ ಹುಳಿಯಾಗುತ್ತಿತ್ತು. ಆ ಹುಳಿ ಬೇಗ ತಗ್ಗಿಸೋಕೆ ಮೈಗೆ ಗೊತ್ತಿದ್ದ ದಾರಿ, ಕಾರ್ಬನ್ ಡೈಆಕ್ಸೈಡನ್ನು ಆದಷ್ಟು ಹೊರಗೆ ತಳ್ಳುವುದು. ಅದಕ್ಕೇ ಆ ಆಳದ ಉಸಿರು. ಅಷ್ಟು ಗಾಳಿ ಎಳೆದುಕೊಳ್ಳುವವನಿಗೆ 98 ಬರದೆ ಇನ್ನೆಷ್ಟು ಬರಬೇಕು? ಕುಸ್ಮಾಲ್ ಎಂಬ ಜರ್ಮನ್ ವೈದ್ಯರು 1874ರಲ್ಲೇ ಇದನ್ನು ವಿವರಿಸಿದ್ದರಂತೆ. ನನಗೆ ಗೊತ್ತಾಗಿದ್ದು ಐಸಿಯು ಬಾಗಿಲಲ್ಲಿ. ಬೆಳಗ್ಗೆ ಅವನು ತೊದಲತೊಡಗಿದ ಮೇಲೆ ಹೊರಟಿದ್ದೆವು. ನಾಲ್ಕು ದಿನ ಒಳಗಿದ್ದ. ಉಳಿದ.

ಹಾಗಾಗಿ ನಿಮ್ಮ ಪ್ರಶ್ನೆಯೇ ತಪ್ಪು ಅನ್ನುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಅಂಕಿ ಬಿಟ್ಟು ಎದೆ ನೋಡಿ. ಗಾಡಿ ಬರುವಷ್ಟರಲ್ಲಿ ಒಂದು ನಿಮಿಷ ಪೂರ್ತಿ ಉಸಿರು ಎಣಿಸಿ. ಎಣಿಸುತ್ತಿದ್ದೀನಿ ಅಂತ ಅಪ್ಪನಿಗೆ ಹೇಳಬೇಡಿ, ಹೇಳಿದರೆ ಉಸಿರಾಟ ಬದಲಾಗುತ್ತದೆ. ಸುಮ್ಮನಿರುವ ದೊಡ್ಡವರಿಗೆ 12ರಿಂದ 20 ಸಹಜ. ಎಷ್ಟು ಬಂತು, ಎಷ್ಟು ಆಳವಿತ್ತು ಅಂತ ಡಾಕ್ಟರಿಗೆ ಹೇಳಿ. ಆದರೆ ಎಣಿಕೆ ಸರಿಯಿದೆ ಅಂತ ಪ್ರಯಾಣ ರದ್ದು ಮಾಡಬೇಡಿ, ಆಳದ ಉಸಿರು ನಿಧಾನವಾಗಿಯೂ ಇರಬಹುದು.

ರಕ್ತ ಹೀಗೆ ಹುಳಿಯಾದಾಗ ಬಾಯಿಂದ ಹಣ್ಣಿನಂಥ ವಾಸನೆ ಬರುತ್ತದೆ ಅಂತ ಎಲ್ಲರೂ ಬರೆಯುತ್ತಾರೆ. ಅದು ಎಲ್ಲರ ಮೂಗಿಗೂ ಸಿಗುವುದಿಲ್ಲ. ನನಗಂತೂ ಸಿಗಲಿಲ್ಲ, ರಾತ್ರಿಯೆಲ್ಲ ಅವನ ಪಕ್ಕದಲ್ಲೇ ಇದ್ದೆ.