ಓದುಗರ ಪ್ರಶ್ನೆ, ತಜ್ಞರ ಉತ್ತರ: ಕೂಸಿನ ಮೆದುಳು ಗಂಡಿನದಾಗೇತೇನ್ರಿ?

ಪ್ರಶ್ನೆ: ತಂಗೀನ್ನ ಸೋದರಮಾವಗ ಕೊಟ್ಟೇವಿ. ಹೋದ ತಿಂಗಳ ಹುಬ್ಬಳ್ಳ್ಯಾಗ ಹೆರಿಗಿ ಆತು. ಕೂಸು ಹೆಣ್ಣೋ ಗಂಡೋ ನೋಡಿದ್ರ ತಿಳೀಲಿಲ್ಲ. ಪರೀಕ್ಷಾದಾಗ ಎಕ್ಸ್‌ಎಕ್ಸ್, ಅಂದ್ರ ಹೆಣ್ಣಿನ ವರ್ಣತಂತು ಬಂತು, ಸಿಎಎಚ್ ಅನ್ನೋ ಹುಟ್ಟುರೋಗ ಅಂದ್ರು, ಗುಳಿಗಿ ಸುರು ಮಾಡ್ಯಾರ. ಹೊಟ್ಟ್ಯಾಗಿದ್ದಾಗ ಗಂಡು ಹಾರ್ಮೋನ್ ಹೆಚ್ಚಾಗಿತ್ತಂತ. ಹಂಗಾದ್ರ ಮೆದುಳೂ ಗಂಡಿನದಾಗೇತೇನ್ರಿ?
– ಓದುಗರು, ರೋಣ

ಉತ್ತರ: ಇಲ್ಲ. ಆಕೆ ಹೆಣ್ಣುಮಗು. ಗರ್ಭಕೋಶ, ಅಂಡಾಶಯ ಎರಡೂ ಇರುತ್ತವೆ. ಸಿಎಎಚ್‌ನಲ್ಲಿ ಬಹುಪಾಲು ಮಕ್ಕಳಿಗೆ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯ 21-ಹೈಡ್ರಾಕ್ಸಿಲೇಸ್ ಕಿಣ್ವದ ಕೊರತೆ. ದೇಹಕ್ಕೆ ಬೇಕೇಬೇಕಾದ ಕಾರ್ಟಿಸೋಲ್ ಹಾರ್ಮೋನ್ ಆಗಬೇಕಿದ್ದ ಸರಕು ಗಂಡು ಹಾರ್ಮೋನಾಗಿ ತಿರುಗುತ್ತದೆ; ಹೊರಗಿನ ಅಂಗ ಬೆಳೆದದ್ದು ಅದರಿಂದ.

ಗಂಡುಭ್ರೂಣದಲ್ಲಿ ವೈ ವರ್ಣತಂತುವಿನ ಎಸ್‌ಆರ್‌ವೈ ಜೀನ್ 6–7ನೇ ವಾರಕ್ಕೆ ವೃಷಣ ರೂಪಿಸಲು ಶುರುಮಾಡುತ್ತದೆ. 8ನೇ ವಾರದ ಹೊತ್ತಿಗೆ ಟೆಸ್ಟೋಸ್ಟೆರೋನ್ ಎಂಬ ಗಂಡು ಹಾರ್ಮೋನ್ ಹರಿಯತೊಡಗಿ ಮೆದುಳನ್ನೂ ಮುಟ್ಟುತ್ತದೆ. ಗಂಡು ಇಲಿಯ ಮೆದುಳಿನ ಹೈಪೋಥಲಾಮಸ್ ಎಂಬ ಭಾಗದಲ್ಲಿ ಒಂದು ಪುಟ್ಟ ಕೋಶಗುಚ್ಛ ದೊಡ್ಡದಿರುತ್ತದೆ. ಹುಟ್ಟಿನ ಆಸುಪಾಸಿನಲ್ಲಿ ಸಾಯಬೇಕಿದ್ದ ಕೋಶಗಳನ್ನು ಈ ಹಾರ್ಮೋನ್ ಉಳಿಸಿಕೊಳ್ಳುತ್ತದೆ, ಅದೂ ಮೆದುಳಿನೊಳಗೆ ಈಸ್ಟ್ರೋಜೆನ್ ಎಂಬ ಹೆಣ್ಣು ಹಾರ್ಮೋನ್ ಆಗಿ ಬದಲಾಗಿ. ಇಲಿಯ ಲೆಕ್ಕವನ್ನು ಹಾಗೇ ಮನುಷ್ಯರಿಗೆ ಹಚ್ಚಲಾಗದು. ಗಂಡಿನ ಎಕ್ಸ್‌ವೈ ವರ್ಣತಂತು ಇದ್ದೂ ಟೆಸ್ಟೋಸ್ಟೆರೋನ್‌ಗೆ ದೇಹ ಸ್ಪಂದಿಸದವರಲ್ಲಿ ಅದು ಈಸ್ಟ್ರೋಜೆನ್ ಆಗಿ ಬದಲಾಗಬಲ್ಲದು, ಆದರೂ ಅವರು ಹೆಚ್ಚಾಗಿ ಹೆಂಗಸರಾಗಿಯೇ ಬಾಳುತ್ತಾರೆ.

ವರ್ಣತಂತುವಿಗೆ ತನ್ನದೇ ಕೆಲಸವೂ ಇದೆ. ಎರಡು ಎಕ್ಸ್‌ಗಳಲ್ಲಿ ಒಂದು ಬಹುತೇಕ ಮುಚ್ಚಿದ್ದರೂ ಕೆಲವು ಜೀನುಗಳು ಎರಡರಿಂದಲೂ ಕೆಲಸ ಮಾಡುತ್ತವೆ. ಹಾರ್ಮೋನ್ ಎಷ್ಟೇ ಹೆಚ್ಚಿದರೂ ಆಕೆಯ ಕೋಶಗಳಲ್ಲಿ ಇರುವುದು ಎಕ್ಸ್‌ಎಕ್ಸೇ.

ಇಂಥ ಹುಡುಗಿಯರಲ್ಲಿ ಗಾಡಿ, ಚೆಂಡಿನಾಟದ ಒಲವು ಸರಾಸರಿಗಿಂತ ಹೆಚ್ಚು ಕಾಣುತ್ತದೆ. ಬಹುಪಾಲು ಜನ ತಮ್ಮನ್ನು ಹೆಣ್ಣೆಂದೇ ಭಾವಿಸುತ್ತಾರೆ. ಆಡುವ ಬಗೆ ನೋಡಿ ಗದರಬೇಡಿ.

ನಿಜವಾದ ಅಪಾಯ ಔಷಧಿ ತಪ್ಪುವುದರಲ್ಲಿದೆ. ಕಾರ್ಟಿಸೋಲ್ ಕೊರತೆ ತುಂಬುವ ಹೈಡ್ರೋಕಾರ್ಟಿಸೋನ್ ದಿನಕ್ಕೆ 3 ಬಾರಿ. ಗುಳಿಗೆ ಪುಡಿಮಾಡಿ ಚಮಚದಷ್ಟು ನೀರಲ್ಲಿ ಕೊಡಿ, ಬಾಟಲಿ ಹಾಲಿಗೆ ಬೆರೆಸಿದರೆ ಉಳಿದ ಹಾಲಿನೊಂದಿಗೆ ಔಷಧಿಯೂ ಉಳಿಯುತ್ತದೆ. ದೇಹದಿಂದ ಉಪ್ಪು ಸೋರುವ ಬಗೆಯಾದರೆ ಉಪ್ಪು ಹಿಡಿದಿಡುವ ಫ್ಲುಡ್ರೋಕಾರ್ಟಿಸೋನ್ ಔಷಧಿಯ ಜೊತೆ, ಮೊದಲ ವರ್ಷ ದಿನಕ್ಕೆ 1–2 ಗ್ರಾಂ ಉಪ್ಪನ್ನು ಹಲವು ಸಲಕ್ಕೆ ಹಂಚಿ ಕೊಡಲು ವೈದ್ಯರು ಹೇಳುತ್ತಾರೆ. 'ಎಳೆ ಕೂಸಿಗೆ ಉಪ್ಪೇ?' ಎಂದು ಹಿರಿಯರು ತಡೆದರೆ ಕೇಳಬೇಡಿ. ಜ್ವರ ಬಂದರೆ ಹೈಡ್ರೋಕಾರ್ಟಿಸೋನ್ 2–3 ಪಟ್ಟು ಬೇಕು. ಎಷ್ಟೆಂದು ಈಗಲೇ ಬರೆಸಿಕೊಳ್ಳಿ. ವಾಂತಿಯಾಗಿ ಗುಳಿಗೆ ನಿಲ್ಲದಿದ್ದರೆ, ಮಗು ಮಂಕಾದರೆ ಇಂಜೆಕ್ಷನ್ನೇ ಬೇಕು, ತಕ್ಷಣ ಆಸ್ಪತ್ರೆಗೆ ಒಯ್ಯಿರಿ.

ತಂದೆ ತಾಯಿ ಇಬ್ಬರಲ್ಲೂ ದೋಷದ ಜೀನ್ ಇರುವುದರಿಂದ ಪ್ರತಿ ಬಸಿರಿಗೂ 4ರಲ್ಲಿ 1 ಸಾಧ್ಯತೆ. ಮುಂದೆ ಈ ರೋಗವಿರುವ ಗಂಡು ಹುಟ್ಟಿದರೆ ಹೊರಗೆ ಸಾಮಾನ್ಯವಾಗಿ ಏನೂ ಗೊತ್ತಾಗದು, 2–3ನೇ ವಾರಕ್ಕೆ ಒಮ್ಮೆಲೇ ಕುಸಿದುಬಿಡಬಹುದು. ಹುಟ್ಟಿದ 48–72 ಗಂಟೆಯೊಳಗೆ ಹಿಮ್ಮಡಿ ರಕ್ತದ 17-ಓಎಚ್‌ಪಿ (ಈ ರೋಗದಲ್ಲಿ ರಕ್ತದಲ್ಲಿ ಏರುವ ಅಂಶ) ಪರೀಕ್ಷೆ ಕೇಳಿ ಮಾಡಿಸಿ.