ಮೂರು ನೋಡ್ ಜಜ್ಜಿದರೆ ಹದಿನಾಲ್ಕು ಸುಮ್ಮನಾದವು

ಪ್ರಶ್ನೆ: ಪ್ರಾಜೆಕ್ಟಿಗಾಗಿ ಇಳಿಜಾರು ಕಾಡಿನಲ್ಲಿ ಮಣ್ಣಿನ ತೇವ ಅಳೆಯಲು 30 ವೈರ್‌ಲೆಸ್ ಸೆನ್ಸರ್ ನೋಡ್ (ಅಳೆದದ್ದನ್ನು ರೇಡಿಯೋದಲ್ಲಿ ಕಳಿಸುವ ಪುಟ್ಟ ಯಂತ್ರ) ಇಡುತ್ತಿದ್ದೇವೆ. ಮರ ಬೀಳುವುದು, ನೀರು ನುಗ್ಗುವುದು ಇದ್ದದ್ದೇ. ಗಟ್ಟಿ ಡಬ್ಬಿ ಸಾಕಾ, ಹತ್ತು ನೋಡ್ ಜಾಸ್ತಿ ಇಡಬೇಕಾ?
– ಒಬ್ಬ ವಿದ್ಯಾರ್ಥಿನಿ

ಉತ್ತರ: ಡಬ್ಬಿ ಬೇಕು, ಅದನ್ನೇ ನಂಬಿ ಕೂರಬೇಡಿ. ಡಬ್ಬಿಯ ಮೇಲೆ ಬರೆದಿರುವ ಐಪಿ67 ಎಂಬ ದರ್ಜೆ ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಾಳುತ್ತದೆ, ಅಷ್ಟೇ. ರಾತ್ರಿಯಿಡೀ ಮುಳುಗಿದ್ದರೆ ಅದು ಹೊಣೆಯಲ್ಲ. ಕೇಬಲ್ ಹೊರಬರುವ ತೂತನ್ನು ಎರಡು ಸಲ ನೋಡಿ.

ಇಂಥ ಜಾಲದಲ್ಲಿ ಒಂದು ನೋಡ್ ಇನ್ನೊಂದರ ಕೈಗೆ, ಅದು ಮತ್ತೊಂದರ ಕೈಗೆ ದಾಟಿಸುತ್ತಾ ಮಾಹಿತಿಯನ್ನು ಗೇಟ್‌ವೇಗೆ, ಅಂದರೆ ಎಲ್ಲದರ ಮಾಹಿತಿ ಕೂಡಿಸಿ ಹೊರಗೆ ಕಳಿಸುವ ಪೆಟ್ಟಿಗೆಗೆ, ಮುಟ್ಟಿಸುತ್ತವೆ. ನನ್ನ ಮೊದಲ ಜಾಲದಲ್ಲಿ 24 ನೋಡ್ ಇದ್ದವು. ಒಂದು ಬೆಳಿಗ್ಗೆ 14 ಸುಮ್ಮನಾದವು. ಸಿಡಿಲೇ ಹೊಡೆದಿರಬೇಕು ಅಂದುಕೊಂಡೆ. ನಾಲ್ಕು ದಿನ ಬಿಟ್ಟು ಅಲ್ಲಿಗೆ ಹೋದರೆ, ಬಿದ್ದದ್ದು ಒಂದೇ ಮರ, ಜಜ್ಜಿದ್ದು ಮೂರೇ ನೋಡ್. ಉಳಿದ 11 ಗಟ್ಟಿಮುಟ್ಟಾಗಿದ್ದವು. ಅವುಗಳ ಮಾತು ದಾಟಿಸುವವರು ಇರಲಿಲ್ಲ. ದಾಟಿಸುವ ನೋಡ್‌ಗೆ ಬದಲಿ ಇರಲಿ ಅಂತ ಇನ್ನೂ ಎರಡು ಇಟ್ಟಿದ್ದೆ, ಸರಿ. ಆದರೆ ಮೂರನ್ನೂ ಒಂದೇ ಮರದ ಬುಡದಲ್ಲಿ!

ಪುಸ್ತಕದ ಲೆಕ್ಕದಲ್ಲಿ ನೋಡ್‌ಗಳು ಅಲ್ಲೊಂದು ಇಲ್ಲೊಂದು ಸಾಯುತ್ತವೆ. ಕಾಡಿನಲ್ಲಿ ಅಕ್ಕಪಕ್ಕದವು ಒಟ್ಟಿಗೇ ಹೋಗುತ್ತವೆ. ಹಾಗಾಗಿ ಹೆಚ್ಚುವರಿ ಎಷ್ಟು ಅನ್ನುವುದಕ್ಕಿಂತ ಎಲ್ಲಿ ಅನ್ನುವುದನ್ನು ಯೋಚಿಸಿ. ದೊಡ್ಡ ಮರ ಬಿದ್ದರೆ ಎಷ್ಟು ಜಾಗ ಹಿಡಿಯುತ್ತದೋ ನಕ್ಷೆಯ ಅಳತೆಯಲ್ಲಿ ಅಷ್ಟಗಲದ ಕಾಗದದ ಬಿಲ್ಲೆ ಕತ್ತರಿಸಿ. ಅದನ್ನು ನಿಮ್ಮ ನಕ್ಷೆಯ ಮೇಲೆ ಮೆಲ್ಲಗೆ ಜರುಗಿಸುತ್ತಾ ಹೋಗಿ. ಬಿಲ್ಲೆಯ ಅಡಿ ಬಂದವೆಲ್ಲ ಸತ್ತವು ಅಂದುಕೊಳ್ಳಿ. ಉಳಿದವಕ್ಕೆ ಗೇಟ್‌ವೇ ತಲುಪಲು ಬೇರೆ ದಿಕ್ಕಿನಿಂದ ದಾರಿ ಇದೆಯಾ? ಇಲ್ಲದ ಕಡೆ ಮಾತ್ರ ಹೊಸ ನೋಡ್. ಹತ್ತು ಬೇಕಾಗಲಿಕ್ಕಿಲ್ಲ.

ಈಗ ಬಿಲ್ಲೆಯನ್ನು ಗೇಟ್‌ವೇ ಮೇಲೇ ಇಡಿ. ಎಲ್ಲ ಹೋಯಿತು, ಅಲ್ವಾ? 2005ರಲ್ಲಿ ಈಕ್ವೆಡಾರ್‌ನ ರೆವೆಂಟಡೋರ್ ಜ್ವಾಲಾಮುಖಿಯ ಮೇಲೆ 16 ನೋಡ್‌ಗಳನ್ನು 19 ದಿನ ಇಟ್ಟಿದ್ದರು. ನೋಡ್‌ಗಳು ಚೆನ್ನಾಗಿಯೇ ತಾಳಿಕೊಂಡವು. ಪದೇ ಪದೇ ಕೈಕೊಟ್ಟದ್ದು ಮಾಹಿತಿಯೆಲ್ಲ ಬಂದು ಸೇರುವ ದೂರದ ಬೇಸ್ ಸ್ಟೇಷನ್ನಿನ ಕರೆಂಟು. ನಾಲ್ಕು ನೋಡ್ ಕಡಿಮೆಯಾದರೂ ಪರವಾಗಿಲ್ಲ, ಇನ್ನೊಂದು ತುದಿಯಲ್ಲಿ ಎರಡನೇ ಗೇಟ್‌ವೇ ಇಡಿ, ಅದಕ್ಕೆ ಬೇರೆಯದೇ ಬ್ಯಾಟರಿ ಇರಲಿ.

ಮತ್ತೆ, ಪ್ರತಿ ನೋಡ್‌ಗೂ ಚಿಕ್ಕದೊಂದು ಫ್ಲಾಶ್ ಮೆಮೊರಿ ಹಾಕಿಸಿ. ದಾರಿ ಸಿಗುವ ತನಕ ಅಳೆದದ್ದನ್ನು ಬರೆದಿಟ್ಟುಕೊಳ್ಳಲಿ. ನನ್ನ ಆ 11 ನೋಡ್‌ಗಳಿಗೆ ಅದಿರಲಿಲ್ಲ. ನಾಲ್ಕು ದಿನ ಅಳೆದದ್ದನ್ನೆಲ್ಲ ಗಾಳಿಗೆ ಕೂಗಿ ಮರೆತುಬಿಟ್ಟಿದ್ದವು.